ಎರಡೂವರೆ ಇಂಚಿನ ಮೆಟ್ಟಿಲು

ಹಳೆಯ ಮನೆ ನೋಡಲು ಹೋದಾಗ ನಾನು ಮೊದಲು ಹುಡುಕುವುದು ಮೆಟ್ಟಿಲನ್ನು. ಹೆಬ್ಬಾಗಿಲು, ಪಡಸಾಲೆ, ತೂಗುದೀಪಗಳೆಲ್ಲ ಬಂದವರು ನೋಡಲಿ ಎಂದೇ ಮಾಡಿಸಿದವು. ಅವುಗಳ ಮಾತನ್ನು ಅರ್ಧ ನಂಬಿದರೆ ಸಾಕು. ಮೆಟ್ಟಿಲು ಮಾತ್ರ ದಿನಕ್ಕೆ ಹತ್ತು ಸಲ ಹತ್ತಿ ಇಳಿದವರ ಕಾಲಿನ ಲೆಕ್ಕ ಇಟ್ಟುಕೊಂಡಿರುತ್ತದೆ. ನಮ್ಮ ಮಲೆನಾಡಿನ ಹಳೆ ಮನೆಗಳಲ್ಲಿ ಅಟ್ಟದ ಮೆಟ್ಟಿಲು ಗೋಡೆಗೆ ಏಣಿ ಆನಿಸಿದಷ್ಟು ಕಡಿದು. ಅದನ್ನು ಮಾಡಿಸಿದವರ ಕಣ್ಣೆದುರು ಇದ್ದದ್ದು ಮೂಟೆ ಹೊತ್ತು ಹತ್ತುವ ಗಟ್ಟಿ ಆಳು. ಮಂಡಿ ಹಿಡಿದು ಕೂತ ಅಜ್ಜಿಯಲ್ಲ.

ಅಜ್ಜಿಯನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದ ಮೆಟ್ಟಿಲನ್ನು ನಾನು ಕೊನೆಗೂ ನೋಡಿದ್ದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ. ಜಗತ್ತೆಲ್ಲ ‘ದೆವ್ವದ ಮನೆ’ ಎಂದು ಕರೆಯುವ ಕಡೆ.

ಸನಿವೇಲ್‌ನಲ್ಲಿರುವ ಮಗನ ಮನೆಗೆ ಅಕ್ಕ ಆರು ತಿಂಗಳ ಮಟ್ಟಿಗೆ ಹೋಗಿದ್ದಳು. ಅವಳ ಜೊತೆಗೆಂದು ನಾನೂ ಹೋದೆ. ಆ ಕಡೆಗೆ ಬರುವ ಕನ್ನಡದ ಅಪ್ಪ-ಅಮ್ಮಂದಿರಿಗೆ ಒಂದು ಖಾಯಂ ಪಟ್ಟಿ ಇದೆ: ಗೋಲ್ಡನ್ ಗೇಟ್ ಸೇತುವೆ, ಸ್ಟ್ಯಾನ್‌ಫರ್ಡ್, ಲಿವರ್‌ಮೋರ್ ದೇವಸ್ಥಾನ, ಯಾವುದಾದರೂ ದೊಡ್ಡ ಕಂಪನಿಯ ಬೋರ್ಡಿನ ಮುಂದೆ ಒಂದು ಫೋಟೊ. ಪಟ್ಟಿ ಮುಗಿದ ಮೇಲೆ ಅಕ್ಕನ ಮಗ, “ಚಿಕ್ಕಮ್ಮ, ನಿಮಗೆ ಹಳೆ ಮನೆ ಹುಚ್ಚಲ್ವಾ, ನಡೀರಿ” ಎಂದು ವಿಂಚೆಸ್ಟರ್ ಮಿಸ್ಟರಿ ಹೌಸ್‌ಗೆ ಕರೆದುಕೊಂಡು ಹೋದ. ಸ್ಯಾಂಟಾನಾ ರೋ ಎಂಬ ಥಳಕಿನ ಅಂಗಡಿ ಬೀದಿಯ ಎದುರಿಗೇ ಇದೆ. ಕಾರಿನಿಂದ ಇಳಿದ ಅಕ್ಕ ಬುರುಜು, ಗೋಪುರ, ಒಂದರ ಮೈಮೇಲೆ ಒಂದು ಹತ್ತಿ ಕೂತ ಮಾಡುಗಳನ್ನು ನೋಡಿ, “ಇದು ಒಂದು ಮನೆಯೋ, ಒಂದು ಕೇರಿಯೋ?” ಎಂದಳು.

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ವಿಕ್ಟೋರಿಯನ್ ಕಾಲದ ಕ್ವೀನ್ ಆನ್ ಶೈಲಿಗೆ ಎಡ-ಬಲ ಸಮ ಇರಬೇಕೆಂಬ ಹಟವಿಲ್ಲ. ಒಂದು ಮೂಲೆಗೆ ಗೋಪುರ ಬಂದರೆ ಇನ್ನೊಂದಕ್ಕೆ ಉಬ್ಬುಕಿಟಕಿ. ಗೋಡೆಯ ಮೇಲೆ ಮೀನಿನ ಹುರುಪೆಯಂತೆ ಜೋಡಿಸಿದ ಮರದ ಬಿಲ್ಲೆ. ಬೇಕಾದಾಗ ಒಂದು ಕೋಣೆ ಸೇರಿಸಿದರೂ ಮುಖ ಕೆಡುವುದಿಲ್ಲ. ಸೇರಿಸುತ್ತಾ ಹೋಗುವವರಿಗೆ ಹೇಳಿ ಮಾಡಿಸಿದ ಶೈಲಿ.

ಸೇರಿಸುತ್ತಾ ಹೋದವಳು ಸಾರಾ ವಿಂಚೆಸ್ಟರ್. ಅಮೆರಿಕದ ಪೂರ್ವ ತೀರದ ನ್ಯೂ ಹೇವನ್ ಊರಿನವಳು. ಮಾವ ಆಲಿವರ್ ವಿಂಚೆಸ್ಟರ್ ಸುಪ್ರಸಿದ್ಧ ರೈಫಲ್ ಕಂಪನಿಯ ಒಡೆಯ. 1866ರಲ್ಲಿ ಹುಟ್ಟಿದ ಒಬ್ಬಳೇ ಮಗಳು ಕೆಲವೇ ವಾರ ಬದುಕಿದಳು. 1880ರ ಡಿಸೆಂಬರಿನಲ್ಲಿ ಮಾವ, 1881ರ ಮಾರ್ಚಿನಲ್ಲಿ ಕ್ಷಯದಿಂದ ಗಂಡ ತೀರಿಕೊಂಡರು. ಕೈಗೆ ಅಪಾರ ಆಸ್ತಿ ಬಂತು, ಪಕ್ಕದಲ್ಲಿ ಗಂಡನೂ ಮಗಳೂ ಉಳಿಯಲಿಲ್ಲ. 1886ರಲ್ಲಿ ಸಾಂತಾ ಕ್ಲಾರಾ ಕಣಿವೆಯಲ್ಲಿ ತೋಟದ ನಡುವಿನ ಒಂದು ಸಾಧಾರಣ ಮನೆ ಕೊಂಡು ಕಟ್ಟಲು ಕೂತಳು. ಇಂದು ಅಲ್ಲಿ ಕೊಡುವ ಲೆಕ್ಕ ಹೀಗಿದೆ: ಸುಮಾರು 160 ಕೋಣೆ, 2,000 ಬಾಗಿಲು, 47 ಮೆಟ್ಟಿಲಸಾಲು, 47 ಬೆಂಕಿಗೂಡು, 13 ಬಚ್ಚಲು, 6 ಅಡುಗೆಮನೆ.

ಇನ್ನು ಕತೆ. ವಿಂಚೆಸ್ಟರ್ ಬಂದೂಕಿಗೆ ಬಲಿಯಾದವರ ಆತ್ಮಗಳು ಈ ವಿಧವೆಯ ಬೆನ್ನು ಹತ್ತಿದವಂತೆ. ಪಶ್ಚಿಮಕ್ಕೆ ಹೋಗಿ ಮನೆ ಕಟ್ಟು, ಸುತ್ತಿಗೆಯ ಸದ್ದು ನಿಂತ ದಿನ ನೀನು ಸಾಯುತ್ತೀ ಎಂದು ಬಾಸ್ಟನ್ನಿನಲ್ಲಿ ಒಬ್ಬ, ಮೈಮೇಲೆ ಆತ್ಮ ಬರಿಸಿಕೊಳ್ಳುವವನು, ಹೇಳಿದನಂತೆ. ಅದಕ್ಕೇ ಹಗಲೂ ರಾತ್ರಿ ಕೆಲಸ. ದೆವ್ವಗಳಿಗೆ ದಾರಿ ತಪ್ಪಲೆಂದೇ ಚಾವಣಿಗೆ ಹೋಗಿ ಮುಟ್ಟುವ ಮೆಟ್ಟಿಲು, ತೆರೆದರೆ ಮಹಡಿಯಿಂದ ಸೀದಾ ಅಂಗಳಕ್ಕೆ ಬೀಳಿಸುವ ಬಾಗಿಲು. ಕತೆ ಚೆನ್ನಾಗಿದೆ. ನಾನೂ ಕಣ್ಣರಳಿಸಿಕೊಂಡೇ ಕೇಳಿದೆ.

ಆಮೇಲೆ ಆ ಮೆಟ್ಟಿಲು ಬಂತು. ಒಟ್ಟು 44 ಮೆಟ್ಟಿಲು, ಏಳು ಸಲ ಹೊರಳಿ ಹತ್ತುತ್ತದೆ. ಇಷ್ಟೆಲ್ಲ ಸುತ್ತಿ ಮೇಲೇರುವುದು ಸುಮಾರು ಒಂಬತ್ತು ಅಡಿ ಮಾತ್ರ. ನಮ್ಮ ಮನೆಗಳಲ್ಲಿ ಅಷ್ಟು ಎತ್ತರಕ್ಕೆ ಹದಿನೈದು–ಹದಿನಾರು ಮೆಟ್ಟಿಲು ಸಾಕು. ಇಲ್ಲಿ ಒಂದೊಂದರ ಎತ್ತರ ಎರಡೂವರೆ ಇಂಚಿಗಿಂತ ಕಮ್ಮಿ. ಜೊತೆಗಿದ್ದವರೆಲ್ಲ ನಗುತ್ತಾ, ಎರಡೆರಡು ದಾಟುತ್ತಾ ಹೋದರು. ಹಿಂದಿನ ಮಹಡಿಗಳಲ್ಲಿ ಕಟಾಂಜನ ಹಿಡಿದು, “ಅಯ್ಯೋ ರಾಮ” ಎನ್ನುತ್ತಾ ಹತ್ತಿದ್ದ ಅಕ್ಕ ಇಲ್ಲಿ ಮಾತಿಲ್ಲದೆ ಹತ್ತಿದಳು. ಕಾಲೆತ್ತಬೇಕಿರಲಿಲ್ಲ, ಜಾರಿಸಿದರೆ ಸಾಕಿತ್ತು. ಮೇಲೆ ಹೋಗಿ ನಿಂತು ತಿರುಗಿ ನೋಡಿ ಹೇಳಿದಳು: “ಇವಳಿಗೂ ಮಂಡಿ ನೋವಿತ್ತು ಕಣೆ.”

ಇತ್ತು. ಸಾರಾಗೆ ಸಂಧಿವಾತ ಜೋರಾಗಿತ್ತು, ಕೈಕಾಲು ಸೊಟ್ಟಗಾಗುವಷ್ಟು. ಅದನ್ನು ಅಲ್ಲಿ ಹೇಳುತ್ತಾರೆ. ಆದರೆ ದೆವ್ವದ ಕತೆಗಳ ನಡುವೆ ಅದು ಒಂದು ವಾಕ್ಯವಾಗಿ ಬಂದು ಹೋಗುತ್ತದೆ. ನನಗೆ ಅಲ್ಲಿಂದ ಮುಂದೆ ಮನೆಯೇ ಬೇರೆಯಾಗಿ ಕಾಣತೊಡಗಿತು.

ಎಲ್ಲೂ ಹೋಗದ ಮೆಟ್ಟಿಲು, ಬಾಗಿಲುಗಳನ್ನೇ ನೋಡಿ. 1906ರ ಏಪ್ರಿಲ್ 18ರ ನಸುಕಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊವನ್ನು ನೆಲಸಮ ಮಾಡಿದ ಭೂಕಂಪ ಈ ಮನೆಯನ್ನೂ ಅಲ್ಲಾಡಿಸಿತು. ಏಳಂತಸ್ತಿನ ಗೋಪುರ ಬಿತ್ತು. ಇಂದು ಉಳಿದಿರುವುದು ನಾಲ್ಕು ಅಂತಸ್ತು. ಸಾರಾಳ ಜೀವನಚರಿತ್ರೆಯನ್ನು 2010ರಲ್ಲಿ ಪ್ರಕಟಿಸಿದ ಇತಿಹಾಸಕಾರ್ತಿ ಮೇರಿ ಜೋ ಇಗ್ನೋಫೋ ಹೇಳುವುದು ಇಷ್ಟೆ: ಬಿದ್ದದ್ದನ್ನು ಸಾರಾ ಮತ್ತೆ ಕಟ್ಟಿಸಲಿಲ್ಲ, ತೆಗೆಸಿ ಮುಚ್ಚಿಸಿದಳು. ಮೇಲಿನ ಮಹಡಿ ಹೋಯಿತು, ಅಲ್ಲಿಗೆ ಹತ್ತುತ್ತಿದ್ದ ಮೆಟ್ಟಿಲು ಉಳಿಯಿತು. ಹಗಲೂ ರಾತ್ರಿ ಸುತ್ತಿಗೆ ಸದ್ದು ಎಂಬುದೂ ಸುಳ್ಳೇ. ಆಳುಗಳನ್ನು ತಿಂಗಳುಗಟ್ಟಲೆ ರಜೆ ಕೊಟ್ಟು ಕಳಿಸಿದ್ದುಂಟು. ಭೂಕಂಪದ ನಂತರವಂತೂ ಅವಳು ಹೆಚ್ಚಾಗಿ ಬೇರೆ ಮನೆಗಳಲ್ಲೇ ಇದ್ದಳು.

ಇದೆಲ್ಲ ನಮಗೇನು ಹೊಸದಲ್ಲ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ತಲೆ ಎತ್ತಿ ನೋಡಿ: ಮುಂದಿನ ಮಹಡಿಗೆಂದು ಬಿಟ್ಟ ಕಬ್ಬಿಣದ ಸರಳುಗಳು ಇಪ್ಪತ್ತು ವರ್ಷದಿಂದ ತುಕ್ಕು ಹಿಡಿಯುತ್ತಾ ಆಕಾಶ ನೋಡುತ್ತಿರುತ್ತವೆ. ವಾಸ್ತು ನೋಡಿಸಿ ಗೋಡೆ ಕಟ್ಟಿ ಮುಚ್ಚಿದ ಬಾಗಿಲಿನ ಮುಂದೆ ಹಳೆಯ ಮೆಟ್ಟಿಲು ಹಾಗೇ ಉಳಿದಿರುತ್ತದೆ. ಮನೆ ಕಟ್ಟಿ ನೋಡು ಎಂದವರಿಗೆ ಗೊತ್ತಿತ್ತು, ಮನೆ ಎಂಬುದು ಕಾಗದದ ಮೇಲೆ ಮುಗಿಯುವ ವಸ್ತುವಲ್ಲ. ಸಾರಾ ಕಟ್ಟಿ ನೋಡಿದಳು, ಕೆಡವಿ ನೋಡಿದಳು, ಮತ್ತೆ ಕಟ್ಟಿ ನೋಡಿದಳು. ವಾಸ್ತುಶಿಲ್ಪಿಗಳನ್ನು ಬಿಟ್ಟು ನಕ್ಷೆಯನ್ನು ತಾನೇ ಹಾಕಿದಳು. ಹೆಂಗಸರಿಗೆ ಆ ವೃತ್ತಿಯ ಬಾಗಿಲು ಇನ್ನೂ ಸರಿಯಾಗಿ ತೆರೆದಿರದ ಕಾಲ ಅದು.

ಅವಳ ಜಾಣತನ ಕಾಣಬೇಕಿದ್ದರೆ ದೆವ್ವ ಕರೆಯುತ್ತಿದ್ದಳೆನ್ನುವ ಕೋಣೆಯಲ್ಲಿ ಹೊತ್ತು ಕಳೆಯಬೇಡಿ. ಬಟ್ಟೆ ಒಗೆಯುವ ಕಡೆ ನಿಲ್ಲಿ. ತೊಟ್ಟಿಗಳಲ್ಲೇ ಉಜ್ಜುವ ಏಣುಗಳನ್ನೂ ಸಾಬೂನಿಡುವ ಗುಳಿಯನ್ನೂ ಅಚ್ಚು ಹಾಕಿ ಕೂಡಿಸಿದ್ದಾರೆ. ಗಿಡಗಳ ಗಾಜುಕೋಣೆಯಲ್ಲಿ ನೆಲದ ಹಲಗೆ ಎತ್ತಿದರೆ ಕೆಳಗೆ ಸತುವಿನ ತಗಡು. ಗಿಡಕ್ಕೆ ಹಾಕಿ ಹೆಚ್ಚಾದ ನೀರು ಅದರ ಮೇಲೆ ಹರಿದು ಹೊರಗಿನ ತೋಟಕ್ಕೆ ಹೋಗುತ್ತದೆ. ಅಷ್ಟು ದೊಡ್ಡ ಮನೆಯಲ್ಲಿ ಯಾವ ಕೋಣೆಯಿಂದ ಒಡತಿ ಕರೆದಳೆಂದು ಕೆಲಸದವರಿಗೆ ತೋರಿಸುವ ಫಲಕವಿದೆ. ಲಿಫ್ಟುಗಳಿವೆ. ನಲ್ಲಿಯಲ್ಲಿ ಬಿಸಿನೀರು ಬರುತ್ತಿತ್ತು. ದೆವ್ವಕ್ಕೆ ಹೆದರಿ ಕಟ್ಟಿದವಳು ಗಿಡಕ್ಕೆ ಹಾಕಿದ ನೀರು ಪೋಲಾಗದಂತೆ ಯೋಚಿಸುತ್ತಾಳೆಯೇ?

ನನಗೆ ಬಿಟ್ಟು ಬರಲು ಮನಸ್ಸಾಗದೆ ಇದ್ದದ್ದು ಉಗ್ರಾಣದ ಕೋಣೆ. ಅಲ್ಲಿ ಲಿಂಕ್ರಸ್ಟಾ ಎಂಬ ಗೋಡೆಹೊದಿಕೆಯ ಸುರುಳಿಗಳು ರಾಶಿ ಬಿದ್ದಿವೆ. ಅಗಸೆ ಎಣ್ಣೆಯನ್ನು ಗಟ್ಟಿ ಮಾಡಿ, ಉಬ್ಬು ಚಿತ್ತಾರ ಒತ್ತಿ ತಯಾರಿಸುವ ಇದನ್ನು 1877ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್. ಲಿನೋಲಿಯಂ ಮಾಡಿದವನೂ ಅವನೇ. ಬಣ್ಣ ಹಚ್ಚಿದರೆ ಕೆತ್ತಿದ ಮರದಂತೆ, ಅದುಮಿದ ಚರ್ಮದಂತೆ ಕಾಣುತ್ತದೆ. ಈ ಮನೆಯ ಗೋಡೆಗಳ ಮೇಲೆ ಅದನ್ನು ಬೆರಳಾಡಿಸುವಷ್ಟು ಹತ್ತಿರದಿಂದ ನೋಡಬಹುದು. ಆದರೆ ಹಚ್ಚಿದ್ದಕ್ಕಿಂತ ಹಚ್ಚದೆ ಉಳಿದ ಸುರುಳಿಗಳೇ ಒಡತಿಯನ್ನು ನನಗೆ ಹೆಚ್ಚು ಹತ್ತಿರ ತಂದವು. ಇನ್ನೊಂದು ಕೋಣೆ ಮನಸ್ಸಿನಲ್ಲಿ ಇದ್ದವಳೇ ಇಷ್ಟನ್ನು ತರಿಸಿಟ್ಟುಕೊಳ್ಳುವುದು. ಸೀರೆಗೆ ಹೊಂದುತ್ತದೆ ಎಂದು ಕಣ ತಂದಿಟ್ಟು ಮರೆತವರಿಗೆ ಇದು ಅರ್ಥವಾಗುತ್ತದೆ.

ಹಾಗಾದರೆ ದೆವ್ವ ಬಂದದ್ದು ಎಲ್ಲಿಂದ? ಅವಳು ಬದುಕಿದ್ದಾಗಲೇ, 1895ರಲ್ಲೇ, ಮನೆ ಮುಗಿದರೆ ಸಾಯುತ್ತೇನೆಂದು ಅವಳು ನಂಬಿದ್ದಾಳೆ ಎಂಬ ಗಾಳಿಮಾತು ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅವಳು ಯಾರನ್ನೂ ಕರೆದು ಅಲ್ಲಗಳೆಯಲಿಲ್ಲ. 1922ರ ಸೆಪ್ಟೆಂಬರಿನಲ್ಲಿ ಅವಳು ತೀರಿಕೊಂಡ ಮೇಲೆ ಮನೆಯನ್ನು ಬಾಡಿಗೆಗೆ ಹಿಡಿದ ಜಾನ್ ಬ್ರೌನ್ ಮನೋರಂಜನೆಯ ರೋಲರ್ ಕೋಸ್ಟರುಗಳ ಲೋಕದಿಂದ ಬಂದವನು. 1923ರಲ್ಲಿ ಟಿಕೆಟ್ ಇಟ್ಟ; ಬಂದವರಿಗೆ ಮನೆ ತೋರಿಸಲು ಹೆಂಡತಿ ಮೇಮ್ ನಿಂತಳು. ಮರುವರ್ಷ ಜಾದೂಗಾರ ಹೂಡಿನಿ ನೋಡಿಹೋದ. ಸಂಧಿವಾತಕ್ಕೆ ಯಾರು ಟಿಕೆಟ್ ಕೊಳ್ಳುತ್ತಾರೆ?

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಕ್ಕನ ಮಗ, “ಆದ್ರೂ ಅಮ್ಮಾ, ಆ ಬಂದೂಕಿಂದ ಎಷ್ಟು ಜನ ಸತ್ತಿರ್ತಾರೆ, ಪಾಪಪ್ರಜ್ಞೆ ಇದ್ದೇ ಇರುತ್ತಲ್ವಾ” ಎಂದ. ಅಕ್ಕ ಮಂಡಿ ನೀವಿಕೊಳ್ಳುತ್ತಾ ಹೇಳಿದಳು: “ಬಂದೂಕು ಮಾಡಿದೋರ್ನ, ಮಾರಿದೋರ್ನ, ಗುಂಡು ಹೊಡ್ದೋರ್ನ ಬಿಟ್ಟು ದೆವ್ವ ಇವಳನ್ನೇ ಯಾಕೋ ಹಿಡೀಬೇಕು? ಒಂಟಿ ಹೆಂಗಸು ಕೈಯಲ್ಲಿ ದುಡ್ಡಿಟ್ಕೊಂಡು ತನ್ನಿಷ್ಟಕ್ಕೆ ಮನೆ ಕಟ್ಟಿದ್ರೆ ಊರಿಗೆ ನಿದ್ದೆ ಬರಲ್ಲ, ಅಷ್ಟೇ.”

ನಾನು ಆಗ ಉತ್ತರ ಕೊಡಲಿಲ್ಲ. ಈಗ ಇಷ್ಟು ಸೇರಿಸುತ್ತೇನೆ. ಆ ಬಂದೂಕಿನ ಲೆಕ್ಕ ನಿಜವಾಗಿಯೂ ಬಾಕಿ ಇದೆ, ಮುಖ್ಯವಾಗಿ ಆ ನೆಲದ ಮೂಲನಿವಾಸಿಗಳ ಕಡೆಯದು. ಅದನ್ನು ಯಾರೂ ತೀರಿಸಲಿಲ್ಲ. ಒಬ್ಬ ವಿಧವೆ ಎಲ್ಲರ ಪರವಾಗಿ ಪಶ್ಚಾತ್ತಾಪಪಟ್ಟಳು ಎಂದು ಕತೆ ಕಟ್ಟಿದರೆ ಉಳಿದವರು ಹಗುರಾಗಬಹುದು. ಅವಳು ತನ್ನ ಹಣದಲ್ಲಿ ಗಂಡನ ಹೆಸರಿನಲ್ಲಿ ತವರಿನ ಕಡೆ ಕ್ಷಯರೋಗಿಗಳಿಗೆ ಆಸ್ಪತ್ರೆ ಕಟ್ಟಲು ದೊಡ್ಡ ಮೊತ್ತ ಕೊಟ್ಟದ್ದು ಆ ಕತೆಯೊಳಗೆ ಹಿಡಿಸುವುದಿಲ್ಲ.

ನೀವು ಹೋಗುವುದಾದರೆ ಸಂಜೆ ಬೇಡ, ಬೆಳಿಗ್ಗೆ ಹೋಗಿ. ಗಾಜಿನ ಕುಸುರಿಯೆಲ್ಲ ಬಿಸಿಲಿನಲ್ಲೇ ಬಾಯಿ ಬಿಡುವುದು. ಮಂಡಿ ನೋವಿನವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಕಳೆದ ವಾರ ಸಾಗರದಿಂದ ಅಕ್ಕ ಫೋನ್ ಮಾಡಿದ್ದಳು. ಜಗಲಿಯ ಮೂರು ಮೆಟ್ಟಿಲು ಒಡೆಸಿ ಏಳು ಮಾಡಿಸಿದ್ದಾಳಂತೆ. ಗಾರೆಯವನು ಇಡೀ ದಿನ ತಕರಾರು ತೆಗೆದನಂತೆ. ಮೂರು ದಿನಕ್ಕೆ ಕೇರಿಯವರೆಲ್ಲ ಬಂದು ನೋಡಿಹೋದರಂತೆ. ಕಾಲು ನೋವಿಗೆ ಎಂದರೆ ಯಾರೂ ನಂಬುತ್ತಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: “ಹೀಗೆ ಮಾಡ್ಸಿ ಅಂತ ಯಾವ ಜೋಯಿಸ್ರು ಹೇಳಿದ್ದು?”