ಬಾಣ ಮಾಡಿಸಿದವನ ಕಥೆ

ನಮ್ಮ ಯುದ್ಧಕಾವ್ಯಗಳಲ್ಲಿ ಬಾಣಗಳ ಮಳೆಯೇ ಸುರಿಯುತ್ತದೆ. ಬಾಣ ಮಾಡಿದ ಕಮ್ಮಾರನಾಗಲಿ, ಮಾಡಿಸಿದ ಅಧಿಕಾರಿಯಾಗಲಿ ಅಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ತರಗತಿಯಲ್ಲಿ ‘ಗದಾಯುದ್ಧ’ವನ್ನು ಪಾಠ ಹೇಳುವ ನನ್ನನ್ನು ಡೊನಾಲ್ಡ್ ನೆಲ್ಸನ್ನರ ‘ಆರ್ಸೆನಲ್ ಆಫ್ ಡೆಮಾಕ್ರಸಿ’ (1946) ಎಂಬ ಗ್ರಂಥ ಸೆಳೆದದ್ದು ಈ ಕಾರಣದಿಂದಲೇ. ಪ್ರಜಾಪ್ರಭುತ್ವದ ಶಸ್ತ್ರಾಗಾರವೆಂಬ ಆ ಮಾತನ್ನು ಪ್ರಸಿದ್ಧಿಗೆ ತಂದವರು ಅಧ್ಯಕ್ಷ ರೂಸ್‌ವೆಲ್ಟರು, 1940ರ ಡಿಸೆಂಬರಿನಲ್ಲಿ. ಅದನ್ನು ತುಂಬಿಸುವ ಹೊಣೆ ಹೊತ್ತವರಲ್ಲಿ ನೆಲ್ಸನ್ ಪ್ರಮುಖರು.

ಅವರು 1888ರಲ್ಲಿ ಮಿಸೌರಿಯ ಹ್ಯಾನಿಬಲ್ಲಿನಲ್ಲಿ, ಮಾರ್ಕ್ ಟ್ವೈನ್ ಬಾಲ್ಯವನ್ನು ಕಳೆದ ಊರಿನಲ್ಲಿ, ಹುಟ್ಟಿದರು. ಟಪಾಲಿನ ಮೂಲಕ ಸರಕು ಮಾರಿ ಹೆಸರಾದ ಸೀಯರ್ಸ್ ರೋಬಕ್ ಕಂಪನಿಯನ್ನು 1912ರಲ್ಲಿ ರಸಾಯನಶಾಸ್ತ್ರಜ್ಞರಾಗಿ ಸೇರಿ, ಅದರ ಅತ್ಯುನ್ನತ ಅಧಿಕಾರಿಗಳಲ್ಲಿ ಒಬ್ಬರಾದರು. 1940ರಲ್ಲಿ ಸರ್ಕಾರಕ್ಕೆ ಬಂದರು. 1942ರ ಜನವರಿಯಲ್ಲಿ ಯುದ್ಧೋತ್ಪಾದನಾ ಮಂಡಲಿಯ ಅಧ್ಯಕ್ಷರಾದರು. ಮರುತಿಂಗಳೇ ಅಮೆರಿಕದಲ್ಲಿ ಖಾಸಗಿ ಮೋಟಾರು ಕಾರುಗಳ ತಯಾರಿಕೆ ನಿಂತಿತು.

ಗ್ರಂಥದ ತಿರುಳು ಒಂದು ಗಂಭೀರವಾದ ಆರೋಪ: ಭೂಸೇನೆಯ ಅಧಿಕಾರಿಗಳು ರಾಷ್ಟ್ರದ ಆರ್ಥಿಕ ಜೀವನವನ್ನೇ ಕೈವಶ ಮಾಡಿಕೊಳ್ಳಲು ಹವಣಿಸಿದರು ಎಂದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. 1942ರಲ್ಲಿ ಮಂಡಲಿಯ ಅರ್ಥಶಾಸ್ತ್ರಜ್ಞರಾದ ರಾಬರ್ಟ್ ನೇಥನ್, ಸೈಮನ್ ಕುಜ್ನೆಟ್ಸ್ ಮೊದಲಾದವರು, ಸೇನೆಯ ಬೇಡಿಕೆ ದೇಶದ ಶಕ್ತಿಯನ್ನು ಮೀರಿದೆಯೆಂದು ಲೆಕ್ಕ ಹಾಕಿ ತೋರಿಸಿದರು. ಸರಬರಾಜಿನ ಮುಖ್ಯಸ್ಥ ಜನರಲ್ ಸಾಮರ್ವೆಲ್ ಆ ಲೆಕ್ಕವನ್ನು ಕಟುವಾಗಿ ನಿರಾಕರಿಸಿದರು. ಕೊನೆಗೆ ಗೆದ್ದದ್ದು ಲೆಕ್ಕವೇ. 1943ರ ಕಾರ್ಯಕ್ರಮ ಸುಮಾರು 9,300 ಕೋಟಿ ಡಾಲರಿನಿಂದ ಸುಮಾರು 8,000 ಕೋಟಿಗೆ ಇಳಿಯಿತು. ಕೌಟಿಲ್ಯನು ರಾಜ್ಯದ ಸಪ್ತಾಂಗಗಳನ್ನು ಎಣಿಸುವಾಗ ಜನಪದ, ಕೋಶಗಳನ್ನು ಮೊದಲು ಹೇಳಿ ದಂಡವನ್ನು ಆಮೇಲೆ ಹೇಳಿದ್ದು ಸುಮ್ಮನೆ ಅಲ್ಲ.

ಆದರೆ ಗ್ರಂಥಕರ್ತರು ತಮ್ಮ ವಿಷಯದಲ್ಲಿ ಇಷ್ಟೇ ನಿಷ್ಠುರರಾಗಿದ್ದಾರೆಯೆ? ಇಲ್ಲವೆಂದೇ ನನ್ನ ಭಾವನೆ. ಮಂಡಲಿಯ ಅಧ್ಯಕ್ಷರಿಗೆ ವಿಶಾಲವಾದ ಅಧಿಕಾರವಿತ್ತು. ಆದರೂ 1942ರ ಮಾರ್ಚಿನಲ್ಲಿ, ಶಸ್ತ್ರ ಖರೀದಿಯ ಕರಾರುಗಳನ್ನು ಸೇನೆಯ ಕೈಯಲ್ಲೇ ಉಳಿಸಲು ಒಪ್ಪಿದವರು ನೆಲ್ಸನ್ನರೇ. ಯುದ್ಧದ ನಡುವೆ ಹೊಸ ವ್ಯವಸ್ಥೆಯನ್ನು ಕಟ್ಟುತ್ತ ಕೂತರೆ ಕಾಲ ವ್ಯರ್ಥವಾಗುತ್ತದೆಂಬ ಅವರ ಸಮಾಧಾನ ಸುಳ್ಳಲ್ಲ. ಆದರೂ ಉಗ್ರಾಣದ ಬೀಗದಕೈಯನ್ನು ಕೊಟ್ಟವರು, ಆಮೇಲೆ ಉಗ್ರಾಣ ತಮ್ಮ ಮಾತು ಕೇಳಲಿಲ್ಲವೆಂದು ದೂರಿದರೆ ಓದುಗನು ಏನೆನ್ನಬೇಕು?

ಈ ದೌರ್ಬಲ್ಯದ ಮೂಲ ಅವರ ಹಳೆಯ ಕಸುಬಿನಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಕೊಳ್ಳುವವನನ್ನೂ ತಯಾರಿಸುವವನನ್ನೂ ಒಪ್ಪಿಸಿ, ಇಬ್ಬರೂ ನಾಳೆ ಮತ್ತೆ ಬರುವಂತೆ ನೋಡಿಕೊಳ್ಳುವುದೇ ವ್ಯಾಪಾರಿಯ ಜಾಣತನ. ವ್ಯಾಪಾರದಲ್ಲಿ ಅದು ಗುಣ. ಎದುರಿಗಿರುವವನು ರಾಜಿಯನ್ನು ಸೋಲೆಂದು ತಿಳಿಯುವ ಸೇನಾಧಿಕಾರಿಯಾದಾಗ ಅದೇ ಗುಣ ದೋಷವಾಗುತ್ತದೆ. ನಾಗರಿಕ ಉತ್ಪಾದನೆಯನ್ನು ಮೆಲ್ಲಗೆ ಪುನರಾರಂಭಿಸಬೇಕೆಂದು 1944ರಲ್ಲಿ ಅವರು ಪಟ್ಟು ಹಿಡಿದರು. ಆ ಜಗಳದ ನಡುವೆಯೇ ರೂಸ್‌ವೆಲ್ಟರು ಅವರನ್ನು ಚೀನಾಕ್ಕೆ ಕಳುಹಿಸಿದರು; ಅಧ್ಯಕ್ಷಪದವಿ ಬೇರೆಯವರ ಪಾಲಾಯಿತು. ಪಟ್ಟು ಹಿಡಿಯುವುದನ್ನು ಅವರು ಕಲಿತದ್ದು ತಡವಾಗಿ.

ಆತ್ಮಶೋಧನೆಯಿಲ್ಲದ ನೆನಪು ವಾದಪತ್ರವಾಗಿ ಉಳಿಯುತ್ತದೆ. ಈ ಗ್ರಂಥದ ಕೊರತೆ ಅದೇ. ಆದರೂ ಇದು ಓದತಕ್ಕ ಗ್ರಂಥ. ಸೈನ್ಯಕ್ಕೆ ಬೇಕಾದದ್ದನ್ನು ಒದಗಿಸಬೇಕು, ಆದರೆ ಎಷ್ಟು ಬೇಕೆಂಬ ತೀರ್ಮಾನ ಸೈನ್ಯ ಒಂದರದೇ ಆಗಕೂಡದು ಎಂಬ ಅವರ ನಂಬಿಕೆ ಪ್ರಜೆಗಳು ಆಳುವ ಯಾವ ದೇಶಕ್ಕೂ ಸಲ್ಲುವಂಥದು. ಅದನ್ನು ನಡೆಸಲು ಅವರಿಗೆ ಪೂರ್ತಿಯಾಗಿ ಸಾಧ್ಯವಾಗಲಿಲ್ಲ ಎಂದ ಮಾತ್ರಕ್ಕೆ ನಂಬಿಕೆ ಹುಸಿಯಾಗುವುದಿಲ್ಲ.