ದೇವನಹಳ್ಳಿಯಲ್ಲಿ ಮೊದಲಾಗುವ ಪ್ರಯಾಣ

ವಿಮಾನ ರದ್ದಾದಾಗ, ತಡವಾದಾಗ, ಅಥವಾ ಟಿಕೆಟ್ಟಿದ್ದೂ ಪ್ರಯಾಣಿಕನನ್ನು ಹತ್ತಿಸಿಕೊಳ್ಳದೆ ಬಿಟ್ಟಾಗ ವಿಮಾನಸಂಸ್ಥೆಯು ಏನು ಮಾಡತಕ್ಕದ್ದೆಂಬುದನ್ನು ವಿಧಿಸುವ ನಿಯಮಾವಳಿಯೊಂದನ್ನು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2010ರಲ್ಲಿ ಹೊರಡಿಸಿ, ಆಮೇಲೆ ಹಲವು ಸಲ ತಿದ್ದಿದೆ. ಕಾನೂನಿನ ಬರಹವನ್ನು ಕೃತಿಯೆಂದು ಎಣಿಸಿ ವಿಮರ್ಶಿಸುವುದು ನಮ್ಮಲ್ಲಿ ವಾಡಿಕೆಯಲ್ಲವೆಂಬುದೇನೋ ನಿಜ. ಆದರೆ ಯಾವ ಬರಹವೇ ಆಗಲಿ, ತಾನು ಯಾರನ್ನು ಕುರಿತು ನುಡಿಯುವುದೋ ಆ ಮನುಷ್ಯನ ಚಿತ್ರವೊಂದನ್ನು ಎದುರಿಗಿಟ್ಟುಕೊಂಡೇ ಹೊರಡುವುದರಿಂದ, ಆ ಚಿತ್ರವು ಎಷ್ಟರ ಮಟ್ಟಿಗೆ ಪೂರ್ಣವಾದುದೆಂದು ಕೇಳುವ ಅಧಿಕಾರ ಓದುಗನಿಗೆ ಇದ್ದೇ ಇದೆ. ಈ ನಿಯಮಾವಳಿಯ ಪ್ರಯಾಣಿಕನಿಗೆ ಊರಿಲ್ಲ. ಅವನು ವಿಮಾನನಿಲ್ದಾಣದ ಬಾಗಿಲಲ್ಲಿ ಪ್ರತ್ಯಕ್ಷನಾಗಿ, ಇನ್ನೊಂದು ನಿಲ್ದಾಣದ ಬಾಗಿಲಲ್ಲಿ ಅಂತರ್ಧಾನನಾಗುತ್ತಾನೆ.

ಊರುಳ್ಳ ಪ್ರಯಾಣಿಕನೊಬ್ಬನನ್ನು ಇದರ ಪಕ್ಕದಲ್ಲಿ ನಿಲ್ಲಿಸಿ ನೋಡೋಣ. ಕಡೂರು ತಾಲ್ಲೂಕಿನ ಸಿಂಗಟಗೆರೆಯ ಗೃಹಸ್ಥರೊಬ್ಬರು ಪತ್ನೀಸಮೇತರಾಗಿ ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೊರಟರೆನ್ನಿ. 2023ರಿಂದ ಶಿವಮೊಗ್ಗೆಯ ಸೋಗಾನೆಯಲ್ಲಿ ವಿಮಾನ ಇಳಿಯುತ್ತಿರುವುದು ಈ ಸೀಮೆಯವರಿಗೆ ಸಂತೋಷದ ವಿಷಯವೇ ಆದರೂ, ದೂರದೇಶದ ದಾರಿಗೆ ದೇವನಹಳ್ಳಿಯ ಬೆಂಗಳೂರು ವಿಮಾನನಿಲ್ದಾಣವೇ ಗತಿ. ಅದು ಕಡೂರಿನಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಕಡೂರಿಗೆ ಬಂದು ರೈಲು ಹಿಡಿಯಬೇಕು, ಇಲ್ಲವೆ ಊರಿನಿಂದಲೇ ಬಾಡಿಗೆ ಕಾರು ಮಾಡಬೇಕು. ಬೆಂಗಳೂರಿನಲ್ಲಿ ನೆಂಟರಿಲ್ಲದಿದ್ದರೆ ಒಂದು ರಾತ್ರಿಯ ಲಾಡ್ಜು ಹಿಡಿಯಬೇಕು. ಹಸುಕರು, ತೆಂಗಿನ ತೋಟಗಳನ್ನು ನೋಡಿಕೊಳ್ಳುವವನಿಗೆ ದಿನ ಗೊತ್ತುಮಾಡಿ ಮುಂಗಡ ಕೊಡಬೇಕು. ಟಿಕೆಟ್ಟು ಅಗ್ಗವಾಗಲೆಂದು ಏಜೆಂಟನು ಬೆಂಗಳೂರಿನಿಂದ ದಿಲ್ಲಿಗೆ ಒಂದು ಸಂಸ್ಥೆಯಲ್ಲಿಯೂ, ಅಲ್ಲಿಂದ ಮುಂದಕ್ಕೆ ಇನ್ನೊಂದು ಸಂಸ್ಥೆಯಲ್ಲಿಯೂ ಬೇರೆ ಬೇರೆಯಾಗಿ ಕಾದಿರಿಸಿದ್ದಾನೆ. ಹೀಗೆ ಎಲ್ಲವೂ ಒಂದು ದಿನಾಂಕದ ಮೇಲೆ ನಿಂತಿರುವಾಗ, ವಿಮಾನವು ಮೂರು ದಿನ ಮುಂದಕ್ಕೆ ಹೋಗಿದೆಯೆಂದು ಫೋನಿಗೆ ಒಂದು ಸಾಲಿನ ಮೆಸೇಜು ಬರುತ್ತದೆ.

ನಿಯಮಾವಳಿಯ ಪ್ರಕಾರ ಈ ಮೆಸೇಜು ಹೊರಡುವುದಕ್ಕೆ ಎರಡು ವಾರ ಮೊದಲೇ ಬಂದಿದ್ದರೆ, ಪ್ರಯಾಣಿಕನಿಗೆ ಒಪ್ಪಿಗೆಯಾಗುವಂತೆ ಬೇರೆ ವಿಮಾನವನ್ನೋ ಹಣ ವಾಪಸನ್ನೋ ಕೊಟ್ಟರೆ ಸಂಸ್ಥೆಯ ಋಣ ತೀರಿತು. ಎರಡು ವಾರದ ಒಳಗೆ, ಆದರೆ ಇಪ್ಪತ್ತುನಾಲ್ಕು ಗಂಟೆಗೆ ಮುಂಚೆ ತಿಳಿಸಿದ್ದರೆ, ಮೊದಲಿನ ವೇಳೆಯಿಂದ ಎರಡು ಗಂಟೆಯೊಳಗೆ ಹೊರಡುವ ಬದಲಿ ವಿಮಾನವನ್ನು ತೋರಿಸಬೇಕು, ಇಲ್ಲವೆ ಹಣ ಮರಳಿಸಬೇಕು. ಈ ರೀತಿ ತಿಳಿಸದೆ ಹೋದಾಗ ಮಾತ್ರವೇ ಪರಿಹಾರದ ಮಾತು ಬರುತ್ತದೆ: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗಿನದಕ್ಕೆ 7,500, ಅದಕ್ಕೂ ಮಿಕ್ಕುದಕ್ಕೆ 10,000; ಅಥವಾ ಒಂದು ಕಡೆಯ ಮೂಲದರ ಮತ್ತು ಇಂಧನಶುಲ್ಕ; ಈ ಎರಡರಲ್ಲಿ ಯಾವುದು ಕಡಮೆಯೋ ಅದು. ಅದೂ ಬದಲಿ ವಿಮಾನವನ್ನು ಒಪ್ಪದೆ ಹಣ ವಾಪಸು ಪಡೆದವನಿಗೆ. ಪ್ರಕೃತಿವಿಕೋಪ, ಗಲಭೆ, ಮುಷ್ಕರ, ಸರ್ಕಾರದ ಆಜ್ಞೆ ಮುಂತಾದ ಅಸಾಧಾರಣ ಕಾರಣಗಳಿದ್ದರೆ ಇದೂ ಇಲ್ಲ.

ಈ ಬರಹದ ಶ್ರೇಷ್ಠವಾದ ಭಾಗವು ಪ್ರಯಾಣಿಕನ ಒಪ್ಪಿಗೆಯನ್ನು ಕುರಿತದ್ದೆಂದು ನಾನು ಭಾವಿಸುತ್ತೇನೆ. ಸಂಸ್ಥೆಯು ಸೂಚಿಸಿದ ಹೊಸ ದಿನವೇ ಅಂತಿಮವಲ್ಲ. ಅದನ್ನು ನಿರಾಕರಿಸಿ ಬೇರೊಂದು ದಿನವನ್ನು ಕೇಳುವ, ಅದೂ ಒಗ್ಗದಿದ್ದರೆ ಪೂರ್ತಿ ಹಣವನ್ನು ಹಿಂದಕ್ಕೆ ಪಡೆಯುವ ಹಕ್ಕು ಪ್ರಯಾಣಿಕನದು. ದುರದೃಷ್ಟದಿಂದ ಈ ಮಾತು ನಿಯಮದ ಕಡತದಲ್ಲಿ ಇರುವಷ್ಟು ಸ್ಪಷ್ಟವಾಗಿ ಫೋನಿನ ಪರದೆಯ ಮೇಲೆ ಇರುವುದಿಲ್ಲ. ಅಲ್ಲಿ ಒಪ್ಪುವ ಗುಂಡಿ ದೊಡ್ಡದು, ಉಳಿದ ದಾರಿಗಳನ್ನು ಹುಡುಕಿ ತೆಗೆಯಬೇಕು. ಏಜೆಂಟನೂ ಮತ್ತೆ ಕೆಲಸ ಬೀಳದಿರಲೆಂದು ಒಪ್ಪಿಬಿಡಿ ಎನ್ನುತ್ತಾನೆ. ಒಮ್ಮೆ ಒಪ್ಪಿದ ಮೇಲೆ ಮುಂದಿನ ವಾದವೆಲ್ಲ ದುರ್ಬಲವಾಗುತ್ತದೆ.

ಇನ್ನು ಕೊರತೆ. ಬದಲಾದದ್ದು ಹೊರದೇಶದ ವಿಮಾನವಾದರೆ ದಿಲ್ಲಿಯ ವಿಮಾನವು ತನ್ನ ವೇಳೆಗೆ ಸರಿಯಾಗಿ ಹಾರುತ್ತಿರುತ್ತದೆ. ಆದುದರಿಂದ ಆ ಟಿಕೆಟ್ಟನ್ನು ಬಿಡುವವನು ಸ್ವೇಚ್ಛೆಯಿಂದ ಬಿಟ್ಟವನೆಂದೇ ಲೆಕ್ಕ, ಮೂಲದರ ಇಂಧನಶುಲ್ಕಗಳಷ್ಟನ್ನೂ ರದ್ದತಿಯ ಹೆಸರಿನಲ್ಲಿ ಕಳೆದುಕೊಳ್ಳಬಹುದು. ಮುಂದಿನ ವಿಮಾನ ತಪ್ಪಿಹೋದವನಿಗೆ ನಿಯಮಾವಳಿಯಲ್ಲಿ ರಕ್ಷಣೆಯುಂಟು, ಆದರೆ ಎರಡೂ ಒಂದೇ ಟಿಕೆಟ್ಟಿನಲ್ಲಿ ಇರತಕ್ಕದ್ದು. ಸಿಂಗಟಗೆರೆಯಿಂದ ದೇವನಹಳ್ಳಿಯವರೆಗಿನ ವೆಚ್ಚದ ವಿಷಯದಲ್ಲಂತೂ ಅದು ಸಂಪೂರ್ಣ ಮೌನ. ರೈಲಿನ ಸ್ಲೀಪರ್ ಟಿಕೆಟ್ಟನ್ನು ರದ್ದುಪಡಿಸಿದರೆ ತಲೆಗೆ ಇಷ್ಟೆಂದು ಹಣ ಹೋಗುತ್ತದೆ, ಖಚಿತವಾದ ತತ್ಕಾಲ್ ಟಿಕೆಟ್ಟಾದರೆ ಏನೂ ಹುಟ್ಟುವುದಿಲ್ಲ. ಲಾಡ್ಜಿನ ಮುಂಗಡ, ಕಾರಿನ ಮುಂಗಡ, ತೋಟದಾಳಿನ ಮೂರು ದಿನದ ಕೂಲಿ ಇವೆಲ್ಲ ಬೇರೆ. ಟಿಕೆಟ್ಟಿನ ಬೆಲೆಯೇ ಪ್ರಯಾಣದ ಬೆಲೆಯೆಂದು ಭಾವಿಸಿ ಅಳೆಯುವ ಈ ಕ್ರಮವು ಬೆಂಗಳೂರಿನ ನಿವಾಸಿಗೆ ಹೆಚ್ಚು ಅನ್ಯಾಯವನ್ನು ಮಾಡುವುದಿಲ್ಲ. ನಿಲ್ದಾಣ ದೂರವಾದಷ್ಟೂ ಅನ್ಯಾಯ ಬೆಳೆಯುತ್ತದೆ.

ಎರಡು ವಾರದ ಗೆರೆ ನಮ್ಮ ದೇಶಕ್ಕೇ ವಿಶಿಷ್ಟವಾದುದಲ್ಲ. ಯೂರೋಪಿನ ಒಕ್ಕೂಟವು 2004ರಲ್ಲಿ ಮಾಡಿದ ನಿಯಮದಲ್ಲಿಯೂ ಹದಿನಾಲ್ಕು ದಿನದ ಅವಧಿಯಿದೆ. ಅದರೊಳಗೆ ರದ್ದುಪಡಿಸಿದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೋಗಳವರೆಗೆ ಪರಿಹಾರವುಂಟು, ಆ ನೆಲದಿಂದ ಹೊರಡುವ ವಿಮಾನ ಯಾವ ದೇಶದ್ದಾದರೂ ಅಷ್ಟೆ. ಟಿಕೆಟ್ಟಿನ ದರವನ್ನು ನೋಡದೆ ದೂರವನ್ನು ನೋಡುವುದರಿಂದಲೂ, ಈ ಪರಿಹಾರದಾಚೆಗೆ ಹೆಚ್ಚಿನ ನಷ್ಟವನ್ನು ಕೇಳುವ ಹಕ್ಕಿಗೆ ಬಾಧೆಯಿಲ್ಲವೆಂದು ಬಾಯಿಬಿಟ್ಟು ಹೇಳುವುದರಿಂದಲೂ ಅದು ನಮ್ಮದಕ್ಕಿಂತ ಉದಾರವಾದ ಬರಹ.

ಬರಹ ಹೇಗೇ ಇರಲಿ, ಆಚರಣೆಯಲ್ಲಿ ಕಾಣುವ ಒಂದು ಚಾಳಿಯನ್ನು ಇಲ್ಲಿ ಹೇಳಲೇಬೇಕು: ಸಾಲವನ್ನು ವಿಮಾನಸಂಸ್ಥೆಗಳು ತಮ್ಮದೇ ನಾಣ್ಯದಲ್ಲಿ ತೀರಿಸುವ ಚಾಳಿ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ಹಾರಾಟ ನಿಂತಾಗ ಪ್ರಯಾಣಿಕರಿಗೆ ದೊರೆತದ್ದು ಬಹುಮಟ್ಟಿಗೆ ಹಣವಲ್ಲ, ಮುಂದೆಂದೋ ಅದೇ ಸಂಸ್ಥೆಯಲ್ಲಿ ಹಾರುವಾಗ ಬಳಸಬಹುದಾದ ಜಮೆ. ಪ್ರವಾಸಿ ಲೀಗಲ್ ಸೆಲ್ ಎಂಬ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಅಕ್ಟೋಬರ್ 1ರಂದು ತೀರ್ಪಿತ್ತು, ಅಂಥ ಜಮೆಗೆ 2021ರ ಮಾರ್ಚಿ 31ರ ಗಡುವನ್ನು ಹಾಕಿ, ತಿಂಗಳಿಗೆ ನೂರಕ್ಕೆ ಅರ್ಧ, ಆಮೇಲೆ ಮುಕ್ಕಾಲರ ಪ್ರಕಾರ ಅದರ ಮೌಲ್ಯ ಏರತಕ್ಕದ್ದೆಂದು ಆಜ್ಞಾಪಿಸಿತು. 2025ರ ಡಿಸೆಂಬರಿನ ಮೊದಲ ವಾರದಲ್ಲಿ ಪೈಲಟ್ಟುಗಳ ಕರ್ತವ್ಯದ ಅವಧಿಯನ್ನು ಕುರಿತ ಹೊಸ ನಿಯಮಕ್ಕೆ ಸಿದ್ಧವಾಗದೆ ಇಂಡಿಗೊ ಸಂಸ್ಥೆಯು ಸಾವಿರಾರು ಹಾರಾಟಗಳನ್ನು ರದ್ದುಪಡಿಸಿದಾಗ ಸರ್ಕಾರವು ಎಚ್ಚೆತ್ತು, ಮರುಪಾವತಿಯನ್ನು 7ನೆಯ ತಾರೀಖಿನ ರಾತ್ರಿ ಎಂಟು ಗಂಟೆಯೊಳಗೆ ಮುಗಿಸಬೇಕೆಂದೂ, ದಿನ ಬದಲಾಯಿಸುವುದಕ್ಕೆ ಶುಲ್ಕ ಕೂಡದೆಂದೂ ಆಜ್ಞೆಮಾಡಿ, ಉಳಿದ ಸಂಸ್ಥೆಗಳು ದರ ಏರಿಸದಂತೆ ಮಿತಿಯನ್ನೂ ಹಾಕಿತು. ಇದು ಶ್ಲಾಘನೀಯವೇ. ಆದರೂ ತೀವ್ರವಾಗಿ ಬಾಧೆಗೊಂಡವರಿಗೆ ಸಂಸ್ಥೆಯು ತಾನಾಗಿ ಘೋಷಿಸಿದ ಹತ್ತು ಸಾವಿರದ ಉಪಕಾರವು ಮತ್ತೆ ಒಂದು ವರ್ಷದೊಳಗೆ ತನ್ನಲ್ಲಿಯೇ ಹಾರಬೇಕೆಂಬ ವೋಚರಿನ ರೂಪದಲ್ಲಿತ್ತು. ವರ್ಷಕ್ಕೊಮ್ಮೆಯೂ ವಿಮಾನ ಹತ್ತದ ಮನೆಯವರು ಅದನ್ನು ಎಲ್ಲಿ ಖರ್ಚುಮಾಡಬೇಕು?

ಪ್ರಯಾಣಿಕನ ಊರನ್ನು ಗಮನಿಸುವ ಕಾನೂನು ಬೇರೆ ಕಡೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ದೂರುದಾರನು ತಾನು ವಾಸಮಾಡುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದೆಂದು ಹೇಳುತ್ತದೆ. ಹಿಂದಿನ ಕಾಯಿದೆಯಲ್ಲಿ ಈ ಸೌಕರ್ಯವಿರಲಿಲ್ಲ. ಎಂದರೆ ಸಂಸ್ಥೆಯ ಕಚೇರಿ ಎಲ್ಲಿಯೇ ಇರಲಿ, ಸಿಂಗಟಗೆರೆಯವರ ಅಹವಾಲನ್ನು ಚಿಕ್ಕಮಗಳೂರಿನ ಜಿಲ್ಲಾ ಆಯೋಗವು ಕೇಳಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ಕಟ್ಟಳೆಯೂ ಇಲ್ಲ, ಎರಡು ವರ್ಷದೊಳಗೆ ಹೂಡಬೇಕು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ 2009ರಲ್ಲಿ ಭಾರತವು ಸೇರಿದ ಮಾಂಟ್ರಿಯಲ್ ಒಪ್ಪಂದವೂ, ವಿಳಂಬದಿಂದಾದ ನಷ್ಟಕ್ಕೆ, ಸಾಧ್ಯವಾದ ಎಚ್ಚರಿಕೆಯನ್ನೆಲ್ಲ ವಹಿಸಿದ್ದೆನೆಂದು ತೋರಿಸದ ಹೊರತು, ಸಂಸ್ಥೆಯೇ ಹೊಣೆಯೆನ್ನುತ್ತದೆ. ಇಲ್ಲಿ ನಷ್ಟವೆಂದರೆ ನಿಜವಾಗಿ ಆದ ನಷ್ಟ, ರಸೀದಿಯಿಂದ ತೋರಿಸಬಹುದಾದದ್ದು. ತೊಡಕು ಇರುವುದೂ ಅಲ್ಲಿಯೇ. ಲಾಡ್ಜಿನವರು ಬಿಲ್ಲು ಕೊಡುತ್ತಾರೆ, ರೈಲಿನದು ಫೋನಿನಲ್ಲಿರುತ್ತದೆ; ಊರಿನ ಕಾರಿನವನಾಗಲಿ ತೋಟದಾಳಾಗಲಿ ಚೀಟಿ ಬರೆದುಕೊಟ್ಟದ್ದುಂಟೆ? ಅವರ ಹಣವನ್ನು ಕೈಗೆ ಕೊಡದೆ ಫೋನಿನಿಂದಲೇ ಕಳುಹಿಸಿ, ಯಾವ ದಿನದ ಪ್ರಯಾಣಕ್ಕೆಂದು ಅದರಲ್ಲಿ ಒಂದು ಮಾತು ಬರೆದು, ದಿನ ಬದಲಾದ ಮೆಸೇಜನ್ನು ಅಳಿಸದೆ ಇಟ್ಟುಕೊಂಡವರಿಗೆ ಆಯೋಗದ ಮುಂದೆ ಹೇಳಿಕೊಳ್ಳಲು ಏನಾದರೂ ಇರುತ್ತದೆ.