ಬಿಲ್ಡ್ 210625

ನಿಪ್ಪಾಣಿಯ ತಂಬಾಕಿನ ಗೋದಾಮಿರಲಿ, ಅಥಣಿಯ ಚಪ್ಪಲಿ ಅಂಗಡಿಯಿರಲಿ, ರಾಯಬಾಗ-ಕಾಗವಾಡದ ಕಬ್ಬಿನ ನಡುವಿನ ತೋಟದ ಮನೆಯಿರಲಿ, ಸಿಸಿಟಿವಿ ಹಚ್ಚಿಸಿದವರ ಬಾಯಲ್ಲಿ ಕೇಳುವ ಹೊಗಳಿಕೆ ಒಂದೇ: "ಪಿಕ್ಚರ್ ಭಾಳ ಕ್ಲಿಯರ್ ಬರ್ತೈತಿ ನೋಡ್ರಿ." ಕ್ಯಾಮೆರಾ ಕೂಡಿಸುವ ಕಸುಬನ್ನು ಅಳೆಯಲು ನಮ್ಮ ಕಡೆ ಇದರ ಹೊರತು ಬೇರೆ ಅಳತೆಗೋಲೇ ಹುಟ್ಟಿಲ್ಲ. ಎರಡು ಮೆಗಾಪಿಕ್ಸೆಲ್‌ಗಿಂತ ಐದು ಮೇಲು, ರಾತ್ರಿ ಬಣ್ಣ ಕಂಡರೆ ಇನ್ನೂ ಮೇಲು. ಈ ಕೀರ್ತಿ ಅರ್ಹತೆಗಿಂತ ದೊಡ್ಡದಾಗಿ ಬೆಳೆದಿದೆ. ಇಂದಿನ ಕ್ಯಾಮೆರಾದಲ್ಲಿ ಒಳ್ಳೆಯ ಚಿತ್ರ ಅತಿ ಸುಲಭಕ್ಕೆ ಸಿಗುವ ಸಂಗತಿ. ಕಷ್ಟದ ಕೆಲಸ ಪೆಟ್ಟಿಗೆಯೊಳಗಿನ ತಂತ್ರಾಂಶದ್ದು, ಅಂದರೆ ಫರ್ಮ್‌ವೇರ್‌ನದ್ದು. ಅದನ್ನು ಯಾರೂ ತೆರೆದು ನೋಡುತ್ತಿಲ್ಲ.

ಕ್ಯಾಮೆರಾ ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಬೇಡ. ಊರಿಂದ ದೂರ ಹೊಲದಲ್ಲೇ ಸಂಸಾರ ಹೂಡಿದವರಿಗೆ, ಪಂಪ್‌ಸೆಟ್ಟಿನ ತಾಮ್ರದ ಕೇಬಲ್ ಕಳಕೊಂಡವರಿಗೆ ಅದರ ಅಗತ್ಯವನ್ನು ವಿವರಿಸಬೇಕಿಲ್ಲ. ನಮ್ಮ ಫಿಟ್ಟರ್‌ಗಳ ಕೈಕೆಲಸದ ಬಗ್ಗೆಯೂ ನನಗೆ ತಕರಾರಿಲ್ಲ. ಗೋಡೆ ಕೊರೆಯುವುದು, ಮಳೆನೀರು ಇಳಿಯದಂತೆ ವೈರ್ ಬಾಗಿಸುವುದು, ಬಿಸಿಲು ನೇರ ಬೀಳದಂತೆ ಕ್ಯಾಮೆರಾ ತಿರುಗಿಸುವುದು, ಇವನ್ನು ಅವರು ಚೆನ್ನಾಗಿಯೇ ಮಾಡುತ್ತಾರೆ. ನನ್ನ ತಕರಾರಿರುವುದು ಕೊನೆಯ ಕಾಲು ಗಂಟೆಯ ಬಗ್ಗೆ.

ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಚಾಲೂ ಆದೊಡನೆ ಪಾಸ್‌ವರ್ಡ್ ಕೇಳುತ್ತದೆ. ಫಿಟ್ಟರ್ ಎಲ್ಲ ಮನೆಗೂ ಹಾಕುವ ತನ್ನ ರೂಢಿಯ ಪಾಸ್‌ವರ್ಡನ್ನೇ ಒತ್ತುತ್ತಾನೆ. ಕ್ಯೂಆರ್ ಕೋಡನ್ನು ಮೊದಲು ತನ್ನ ಫೋನಿಗೆ ಸ್ಕ್ಯಾನ್ ಮಾಡಿ, ಆಮೇಲೆ ಮಾಲೀಕನ ಫೋನಿಗೆ ಶೇರ್ ಮಾಡುತ್ತಾನೆ. ಮನೆ ಕಟ್ಟಿದ ಗೌಂಡಿ ಮೂಲ ಕೀಲಿಕೈ ತಾನಿಟ್ಟುಕೊಂಡು ಮನೆಯವರಿಗೆ ನಕಲು ಕೊಟ್ಟರೆ ಯಾರಾದರೂ ಒಪ್ಪುತ್ತಾರೆಯೇ? ಇಲ್ಲಿ ಮಾತ್ರ ಎಲ್ಲರೂ ಒಪ್ಪುತ್ತಾರೆ. "ಏನರ ಆದ್ರ ಫೋನ್ ಮಾಡ್ರಿ, ಅಲ್ಲಿಂದನ ನೋಡ್ತೀನಿ" ಎಂಬ ಮಾತು ಸೇವೆಯ ಭರವಸೆಯಾಗಿ ಕೇಳಿಸುತ್ತದೆ. ಅಲ್ಲಿಂದಲೇ ನೋಡಬಲ್ಲವನು ಯಾವಾಗ ಬೇಕಾದರೂ ನೋಡಬಲ್ಲ ಎಂಬುದು ಯಾರ ಕಿವಿಗೂ ಬೀಳುವುದಿಲ್ಲ.

ಸಾಧನದ ಮೆನುವಿನಲ್ಲಿ ಫಿಟ್ಟರ್ ಎಂದೂ ತೆರೆಯದ ಒಂದು ಪುಟವಿದೆ: ವರ್ಶನ್. ಚೀನಾದ ಹಿಕ್‌ವಿಷನ್ ಕಂಪನಿಯ ಸಾಧನಗಳಲ್ಲಿ ಅಲ್ಲಿ 'ಬಿಲ್ಡ್' ಎಂಬ ಶಬ್ದದ ಮುಂದೆ ಆರು ಅಂಕಿಗಳಿರುತ್ತವೆ. ಮೊದಲೆರಡು ವರ್ಷ, ನಡುವಿನೆರಡು ತಿಂಗಳು, ಕೊನೆಯೆರಡು ತಾರೀಖು. 210625 ಎಂದರೆ 2021ರ ಜೂನ್ 25ರಂದು ಸಿದ್ಧವಾದ ತಂತ್ರಾಂಶ. ಈ ತಾರೀಖಿಗೊಂದು ಮಹತ್ವವಿದೆ. 2021ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಪ್ರಕಟಿಸಿದ ಸಿವಿಇ-2021-36260 ಎಂಬ ದೋಷದಿಂದಾಗಿ, ಅದರ ಹತ್ತಾರು ಮಾದರಿಗಳಲ್ಲಿ ಈ ತಾರೀಖಿಗಿಂತ ಹಿಂದಿನ ತಂತ್ರಾಂಶವಿದ್ದರೆ ಹೊರಗಿನವರು ಯೂಸರ್‌ನೇಮ್, ಪಾಸ್‌ವರ್ಡ್ ಯಾವುದೂ ಇಲ್ಲದೆ ಕ್ಯಾಮೆರಾವನ್ನು ಪೂರ್ತಿ ವಶಕ್ಕೆ ತೆಗೆದುಕೊಳ್ಳಬಹುದಿತ್ತು. ಹತ್ತಕ್ಕೆ 9.8ರ ತೀವ್ರತೆ ಅದಕ್ಕೆ ಸಿಕ್ಕಿತು. ದೂರದಿಂದ ನೋಡಲೆಂದು ಫಿಟ್ಟರ್ ರೂಟರ್‌ನಲ್ಲಿ ಪೋರ್ಟ್ ತೆರೆದಿಟ್ಟಿದ್ದರೆ ಇಡೀ ಜಗತ್ತಿಗೇ ಆ ಬಾಗಿಲು ಕಾಣುತ್ತದೆ. ಮಾಲೀಕ ಎಷ್ಟೇ ಕಠಿಣ ಪಾಸ್‌ವರ್ಡ್ ಇಟ್ಟರೂ ಇಲ್ಲಿ ಪ್ರಯೋಜನವಿಲ್ಲ. ಮಾಲು ಅಂಗಡಿಯ ಕಪಾಟಿನಲ್ಲಿ ಎಷ್ಟು ಕಾಲ ಕೂತಿತ್ತೋ ಬಲ್ಲವರಿಲ್ಲ, ಆದ್ದರಿಂದ 2022ರಲ್ಲಿ ಕೊಂಡ ಕ್ಯಾಮೆರಾದಲ್ಲೂ 2020ರ ತಂತ್ರಾಂಶ ಇರಬಹುದು. ಬಿಲ್ಲಿನ ತಾರೀಖು ಇದನ್ನು ಹೇಳುವುದಿಲ್ಲ, ಆ ಆರು ಅಂಕಿ ಹೇಳುತ್ತವೆ.

ಅಪ್‌ಡೇಟ್ ಮಾಡಿ ಎಂದರೆ ಬರುವ ಉತ್ತರ: "ಚಾಲೂ ಇದ್ದದ್ದಕ್ಕ ಕೈ ಹಚ್ಚಬ್ಯಾಡ್ರಿ." ಈ ಅಂಜಿಕೆಗೆ ಆಧಾರವಿದೆ. ತಂತ್ರಾಂಶ ಬರೆಯುತ್ತಿರುವಾಗ ಕರೆಂಟ್ ಹೋದರೆ ಪೆಟ್ಟಿಗೆ ಮತ್ತೆ ಏಳದೇ ಹೋಗಬಹುದು. ಚೀನಾದ ಮಾರುಕಟ್ಟೆಗೆಂದು ತಯಾರಾದ ಮಾಲಿಗೆ ಯಾರೋ ಇಂಗ್ಲಿಷ್ ಮೆನು ತುಂಬಿ ಅಗ್ಗಕ್ಕೆ ಮಾರಿರುತ್ತಾರೆ, ಅಂಥದ್ದಕ್ಕೆ ಕಂಪನಿಯ ಅಸಲಿ ಫರ್ಮ್‌ವೇರ್ ಹಾಕಿದರೆ ಮೆನು ಚೀನಿಗೆ ತಿರುಗಬಹುದು, ಸಾಧನವೇ ಕೆಡಬಹುದು. ಆದರೆ ಚಿಕ್ಕ ಯುಪಿಎಸ್ ಒಂದು, ಮಾದರಿ ಸಂಖ್ಯೆ ತಾಳೆ ನೋಡುವ ತಾಳ್ಮೆ, ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಂಡ ಫೈಲ್, ಇಷ್ಟಿದ್ದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ವಾರ್ಷಿಕ ನಿರ್ವಹಣೆ (ಎಎಂಸಿ) ಎಂದು ವರ್ಷಕ್ಕೊಮ್ಮೆ ದುಡ್ಡು ಪಡೆದು ಗಾಜು ಒರೆಸಿ ಹೋಗುವವರು ಇದನ್ನು ಮಾಡದಿರುವುದಕ್ಕೆ ಕ್ಷಮೆಯಿಲ್ಲ.

ಇಷ್ಟು ಹೇಳಿದೊಡನೆ ಒಂದು ಬಳಗ ಎದ್ದು ನಿಲ್ಲುತ್ತದೆ: ಚೀನಿ ಮಾಲು ತೆಗೆದು ಎಸೆಯಿರಿ, ಸ್ವದೇಶಿ ಹಾಕಿಸಿರಿ, ತೊಂದರೆ ಮುಗಿಯಿತು. ಪತ್ರಿಕೆಗಳಲ್ಲಿ ಬರೆಯುವ ತಿಳಿದವರೂ ಇದನ್ನೇ ವಿಮರ್ಶೆ ಎಂದುಕೊಂಡಿದ್ದಾರೆ. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿ 2025ರ ಏಪ್ರಿಲ್‌ನಿಂದ ಜಾರಿಗೆ ತಂದ ಸಿಸಿಟಿವಿ ಭದ್ರತೆಯ ನಿಯಮವನ್ನು ಅವರು ಸಾಕ್ಷಿಗೆ ಕರೆಯುತ್ತಾರೆ. ಆ ನಿಯಮವನ್ನು ನಾನೂ ಮೆಚ್ಚುತ್ತೇನೆ. ಫರ್ಮ್‌ವೇರ್‌ಗೆ ಡಿಜಿಟಲ್ ಸಹಿ ಇದೆಯೇ, ಪರೀಕ್ಷೆಗೆಂದು ಬಿಟ್ಟ ಒಳದಾರಿಗಳು ಮುಚ್ಚಿವೆಯೇ ಎಂದು ಅದು ಕೇಳುತ್ತದೆ. ಆದರೆ ಅದು ಹೊಸದಾಗಿ ಮಾರುಕಟ್ಟೆಗೆ ಬರುವ ಮಾಲಿನ ನಿಯಮ. ನಮ್ಮ ಚಿಕ್ಕೋಡಿ ಭಾಗದ ಗೋಡೆಗಳ ಮೇಲೆ ಈಗಾಗಲೇ ಕೂತಿರುವುದನ್ನು ಅದು ಮುಟ್ಟುವುದಿಲ್ಲ. ತೊಂದರೆ ಚೀನಿ ಮಾಲಿಗಷ್ಟೇ ಸೀಮಿತವೂ ಅಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಡಿವಿಆರ್ ಮತ್ತು ಕ್ಯಾಮೆರಾಗಳ ಸೈನ್ಯವನ್ನೇ ಕಟ್ಟಿ, ಅಕ್ಟೋಬರ್ 21ರಂದು ಟ್ವಿಟರ್‌ನಂಥ ತಾಣಗಳು ಸಿಗದಂತೆ ಮಾಡಿತ್ತು. ಅದರ ಬತ್ತಳಿಕೆಯಲ್ಲಿದ್ದದ್ದು ಕಾರ್ಖಾನೆಯಲ್ಲಿ ಹಾಕಿದ ಅರವತ್ತರಷ್ಟು ಪಾಸ್‌ವರ್ಡ್‌ಗಳ ಪಟ್ಟಿ. ಚೀನಿ ಸಾಧನಗಳ ಜೊತೆ ಜಪಾನ್, ಜರ್ಮನಿಯ ಕಂಪನಿಗಳ ಸಾಧನಗಳದ್ದೂ ಅದರಲ್ಲಿದ್ದವು. 2025ರ ಫೆಬ್ರವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ತಪಾಸಣೆ ಕೋಣೆಯ ದೃಶ್ಯಗಳು ಮಾರಾಟದ ಸರಕಾದವು. ಅಲ್ಲಿಯೂ ಬದಲಿಸದೇ ಬಿಟ್ಟ ಪಾಸ್‌ವರ್ಡೇ ದಾರಿಯಾಯಿತೆಂದು ವರದಿಯಾಯಿತು. ಫಿಟ್ಟರ್‌ನ ರೂಢಿಯ ಪಾಸ್‌ವರ್ಡ್ ಹೊತ್ತ ಸ್ವದೇಶಿ ಪೆಟ್ಟಿಗೆ ಯಾವ ಅರ್ಥದಲ್ಲಿ ಹೆಚ್ಚು ಭದ್ರ? ಈ ಪ್ರಶ್ನೆಗೆ ಆ ಬಳಗ ಉತ್ತರಿಸಿದ್ದನ್ನು ನಾನು ಕಂಡಿಲ್ಲ. ದೇಶದ ಹೆಸರು ಹಿಡಿದು ಮಾತು ಮುಗಿಸಿದಾಗ ವರ್ಶನ್ ಪುಟ ತೆರೆಯುವ ಶ್ರಮ ತಪ್ಪುತ್ತದೆ. ಆ ವಾದ ಇಷ್ಟು ಜನಪ್ರಿಯವಾಗಲು ಬಹುಶಃ ಅದೇ ಕಾರಣ.

ಈ ಅಸಡ್ಡೆ ಕೋರ್ಟಿನಲ್ಲೂ ಕಾಡುತ್ತದೆ. ಕಳವು ಆಗಿ ಪ್ರಕರಣ ಚಿಕ್ಕೋಡಿಯ ನ್ಯಾಯಾಲಯಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ದೃಶ್ಯದ ಜೊತೆ ಪ್ರಮಾಣಪತ್ರ ಬೇಕು. ಸಾಧನದ ಮಾದರಿ, ಸೀರಿಯಲ್ ನಂಬರ್, ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಅದರಲ್ಲಿ ಬರೆಯಬೇಕು. ಸಾಧನ ಕಾನೂನುಬದ್ಧವಾಗಿ ತನ್ನ ನಿಯಂತ್ರಣದಲ್ಲಿತ್ತು, ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಸಹಿ ಹಾಕಬೇಕು. ಒಳಗಿನ ಬಟನ್ ಬ್ಯಾಟರಿ ಸತ್ತು ಡಿವಿಆರ್ ಗಡಿಯಾರ ಹಿಂದೆ ಬಿದ್ದಿದ್ದರೆ, ಅಡ್ಮಿನ್ ಖಾತೆ ಇನ್ನೊಬ್ಬರ ಫೋನಿನಲ್ಲಿದ್ದರೆ, ಎದುರು ವಕೀಲರಿಗೆ ಪಾಟೀಸವಾಲಿಗೆ ಬೇರೆ ವಿಷಯ ಹುಡುಕಬೇಕಿಲ್ಲ. ಎಂಟು ಮೆಗಾಪಿಕ್ಸೆಲ್ ಚಿತ್ರವೂ ಅಲ್ಲಿ ಎಡವುತ್ತದೆ.

ಹಾಗಾಗಿ ಕೊನೆಯ ಕಂತು ಕೊಡುವ ಮೊದಲು ಫಿಟ್ಟರ್‌ನನ್ನು ಕೂಡಿಸಿಕೊಂಡು ಅಡ್ಮಿನ್ ಪಾಸ್‌ವರ್ಡನ್ನು ನೀವೇ ಬದಲಿಸಿ. ಅವನ ಫೋನಿನಿಂದ ಸಾಧನವನ್ನು ತೆಗೆಸಿ, ನಿಮ್ಮ ಖಾತೆಗೆ ಸೇರಿಸಿಕೊಳ್ಳಿ. ಸಮಯ ವಲಯವನ್ನು ಜಿಎಂಟಿಗಿಂತ ಐದೂವರೆ ಗಂಟೆ ಮುಂದಕ್ಕೆ ಇರಿಸಿ, ವರ್ಶನ್ ಪುಟದ ಫೋಟೋ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಇದನ್ನು ಕೇಳದೆಯೇ ಮಾಡಿಕೊಡುವ ಫಿಟ್ಟರ್ ಸಿಕ್ಕರೆ, ಅವನು ನೂರಿನ್ನೂರು ಹೆಚ್ಚು ಕೇಳಿದರೂ ಕೊಡಿ.